ಸರ್ವ್ ಫೋಟೊದಲ್ಲಿ ಕಾಲು ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟದಲ್ಲಿ ಟೆನಿಸ್ ಸರ್ವ್ ಬಗ್ಗೆ, ಅಂದರೆ ಪಾಯಿಂಟ್ ಶುರುಮಾಡುವ ಆ ಮೊದಲ ಹೊಡೆತದ ಬಗ್ಗೆ ಬಂದ ಲೇಖನ ಓದಿದೆ. ಭುಜ ಹೇಗೆ ತಿರುಗಬೇಕು, ಮಣಿಕಟ್ಟು ಹೇಗಿರಬೇಕು, ಯಾರ ಸರ್ವ್ ಎಷ್ಟು ವೇಗ, ಎಲ್ಲ ಚೆನ್ನಾಗಿ ಬರೆದಿದ್ದೀರಿ. ಕಾಲಿನ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಜೊತೆಗಿದ್ದ ಫೋಟೊವನ್ನೂ ತೊಡೆಯ ಹತ್ತಿರ ಕತ್ತರಿಸಿದ್ದೀರಿ. ಇದು ನಿಮ್ಮೊಬ್ಬರ ಅಭ್ಯಾಸವಲ್ಲ ಬಿಡಿ. ಸರ್ವ್ ಫೋಟೊ ಅಂದರೆ ಎಲ್ಲ ಕಡೆಯೂ ಚೆಂಡು, ರ‍್ಯಾಕೆಟ್, ಆಕಾಶ ನೋಡುವ ಮುಖ. ಶೂ ಇರುವುದೇ ಇಲ್ಲ.

ನನಗೆ ಇದು ಕಣ್ಣಿಗೆ ಚುಚ್ಚುವುದಕ್ಕೆ ಕಾರಣ ಇದೆ. ನಾನು ಬಹಳ ವರ್ಷ ಲೈನ್ ಅಂಪೈರ್ ಆಗಿದ್ದವಳು. ಜಾಸ್ತಿ ಕೂತದ್ದು ಬೇಸ್‌ಲೈನ್, ಅಂದರೆ ಕೋರ್ಟಿನ ಹಿಂಬದಿ ಗೆರೆಯ ತುದಿಯ ಕುರ್ಚಿಯಲ್ಲಿ. ಆಟಗಾರ ನಮ್ಮ ಬದಿಯಿಂದ ಸರ್ವ್ ಮಾಡುವಾಗ ಅಲ್ಲಿ ಕೂತವರು ಗೆರೆ ಮತ್ತು ಶೂ ಬಿಟ್ಟು ಬೇರೇನೂ ನೋಡುವ ಹಾಗಿಲ್ಲ. ಚೆಂಡು ರ‍್ಯಾಕೆಟ್‌ಗೆ ತಗುಲಿದ ಸದ್ದು ಕೇಳಿದ ಮೇಲೆಯೇ ತಲೆ ಎತ್ತಬೇಕು. ಹಾಗಾಗಿ ಒಳ್ಳೊಳ್ಳೆಯ ಸರ್ವ್‌ಗಳನ್ನೆಲ್ಲ ನಾನು ಕೇಳಿದ್ದೇನೆ, ನೋಡಿಲ್ಲ. ನೋಡಿದ್ದು ಬರೀ ಕಾಲು. ಆ ಧೈರ್ಯದ ಮೇಲೆ ಈ ಪತ್ರ.

ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಲಿ. ಎಡಗಾಲು ಮುಂದೆ, ಗೆರೆಯಿಂದ ಮೂರು ನಾಲ್ಕು ಬೆರಳು ಹಿಂದೆ, ಅದರ ತುದಿ ನೆಟ್‌ನ ಬಲಗಂಬದ ಕಡೆಗೆ. ಬಲಗಾಲು ಹಿಂದೆ, ಹೆಚ್ಚುಕಡಿಮೆ ಗೆರೆಗೆ ಸಮಾನಾಂತರ. ಎರಡರ ನಡುವೆ ಭುಜದಷ್ಟು ಅಗಲ. ಇಲ್ಲಿವರೆಗೆ ಎಲ್ಲರೂ ಒಂದೇ ಥರ ಕಲಿಸುತ್ತಾರೆ. ಇದರಲ್ಲೂ ಅವರವರ ಚಾಳಿ ಇದ್ದೇ ಇರುತ್ತದೆ. ಹಿಂದಿನ ಚಾಂಪಿಯನ್ ಮೆಕೆನ್ರೊ ಎರಡೂ ಪಾದಗಳನ್ನು ಗೆರೆಯ ಉದ್ದಕ್ಕೆ ಇಟ್ಟು, ಎದುರಾಳಿಗೆ ಬೆನ್ನು ತೋರಿಸಿ ನಿಲ್ಲುತ್ತಿದ್ದರು. ಇನ್ನೊಬ್ಬ ಚಾಂಪಿಯನ್ ಸಾಂಪ್ರಸ್ ಶುರುವಿನಲ್ಲಿ ಮುಂದಿನ ಪಾದದ ತುದಿ ಎತ್ತಿ ಭಾರವನ್ನು ಹಿಂದಕ್ಕೆ ಹಾಕುತ್ತಿದ್ದರು. ಇಬ್ಬರ ಸರ್ವ್ ಎಷ್ಟು ಕಷ್ಟದ್ದು ಅಂತ ಎದುರಿಗೆ ನಿಂತವರಿಗೆ ಗೊತ್ತು.

ದಾರಿ ಬೇರೆಯಾಗುವುದು ಚೆಂಡು ಮೇಲಕ್ಕೆ ಎಸೆದ ಮೇಲೆ. ಹಿಂದಿನ ಕಾಲು ಇದ್ದಲ್ಲೇ ಇದ್ದರೆ ಅದು ಪ್ಲಾಟ್‌ಫಾರ್ಮ್. ಫೆಡರರ್, ಜೊಕೊವಿಚ್ ಹೀಗೆ ಮಾಡುವವರು. ಹಿಂದಿನ ಕಾಲು ಜಾರಿ ಬಂದು ಮುಂದಿನದರ ಪಕ್ಕ ಸೇರಿದರೆ ಅದು ಪಿನ್‌ಪಾಯಿಂಟ್. ಸೆರೆನಾ ವಿಲಿಯಮ್ಸ್, ಆ್ಯಂಡಿ ಮರ್ರೆ, ಆರಡಿ ದಾಟಿದ ಜಾನ್ ಇಸ್ನರ್ ಈ ಕಡೆಯವರು. ಪಿನ್‌ಪಾಯಿಂಟ್‌ನಲ್ಲಿ ಎರಡೂ ಕಾಲು ಒಟ್ಟಿಗೆ ನೆಲ ಒದೆಯುವುದರಿಂದ ಮೈ ಮೇಲಕ್ಕೆ ಚೆನ್ನಾಗಿ ಚಿಮ್ಮುತ್ತದೆ. ಆದರೆ ನಿಲ್ಲುವ ಜಾಗ ಕಿರಿದು. ಟಾಸ್, ಅಂದರೆ ಮೇಲಕ್ಕೆ ಎಸೆದ ಚೆಂಡು, ಸ್ವಲ್ಪ ಆಚೀಚೆ ಆದರೂ ಸರಿಮಾಡಿಕೊಳ್ಳುವುದು ಕಷ್ಟ. ಪ್ಲಾಟ್‌ಫಾರ್ಮ್‌ನಲ್ಲಿ ಅಲುಗಾಟ ಕಡಿಮೆ, ತಪ್ಪೂ ಕಡಿಮೆ. ಬದಲಿಗೆ ಮಂಡಿ ಚೆನ್ನಾಗಿ ಬಗ್ಗಲೇಬೇಕು, ಇಲ್ಲದಿದ್ದರೆ ಸರ್ವ್‌ನಲ್ಲಿ ದಮ್ ಇರುವುದಿಲ್ಲ. ಇದು ಮೇಲು, ಅದು ಕೀಳು ಅಂತ ಏನಿಲ್ಲ.

ಮಣ್ಣಿನ ಕೋರ್ಟಿನಲ್ಲಿ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ, ನೆಲದ ಮೇಲೇ ಬರೆದಿರುತ್ತದೆ. ಒಂದು ಗೇಮ್ ಮುಗಿದು ಆಟಗಾರರು ಬದಿ ಬದಲಿಸುವಾಗ ಬೇಸ್‌ಲೈನ್ ಹಿಂದೆ ಬಗ್ಗಿ ನೋಡಿ. ಪ್ಲಾಟ್‌ಫಾರ್ಮ್‌ನವರು ನಿಂತ ಕಡೆ ಎರಡು ಗುಳಿ, ನಡುವೆ ಖಾಲಿ ಜಾಗ. ಮುಂದಿನ ಗುಳಿ ಗುಂಡಗಿರುತ್ತದೆ, ಕಾಲಿನ ಹೆಬ್ಬೆರಳು ಅಲ್ಲೇ ತಿರುಗಿ ನೆಲ ಒದ್ದಿರುತ್ತದೆ. ಪಿನ್‌ಪಾಯಿಂಟ್‌ನವರು ನಿಂತ ಕಡೆ ಹಿಂದಿನಿಂದ ಉದ್ದಕ್ಕೆ ಒಂದು ಗೀರು ಎಳೆದುಕೊಂಡು ಬಂದಿರುತ್ತದೆ. ಆ ಗೀರು ಪ್ರತಿ ಸಲ ಒಂದೇ ಕಡೆ ಮುಗಿದಿದ್ದರೆ ಆಟಗಾರ ಪಳಗಿದವನು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಮುಗಿದಿದ್ದರೆ ಮೊದಲನೆಯದು ತಪ್ಪಿದಾಗ ಸಿಗುವ ಎರಡನೇ ಸರ್ವ್‌ನಲ್ಲಿ ಪರದಾಟ ಕಾದಿದೆ. ಗೆರೆಯ ಒಳಗಡೆ ಇನ್ನೊಂದು ಗುರುತು, ಅದು ಹಾರಿ ಇಳಿದ ಎಡಗಾಲಿನದು. ಗಟ್ಟಿ ಕೋರ್ಟಿನಲ್ಲಿ ಈ ಓದು ಸಿಗುವುದಿಲ್ಲ. ಅಲ್ಲಿ ಬಲ ಶೂವಿನ ತುದಿ ಸವೆದಿದೆಯಾ ಅಂತ ನೋಡಬೇಕು, ಅಷ್ಟೇ.

ಇನ್ನು ನಿಯಮ. ನಮ್ಮವರು ಕ್ರಿಕೆಟ್ ನೋಡಿ ನೋಡಿ ಇಲ್ಲಿ ಎಡವುತ್ತಾರೆ. ಕ್ರಿಕೆಟ್‌ನಲ್ಲಿ ಬೌಲರ್‌ನ ಮುಂಗಾಲಿನ ಹಿಮ್ಮಡಿ ಕ್ರೀಸ್ ಹಿಂದೆ ಒಂದಿಷ್ಟು ಇದ್ದರೆ ಸಾಕು, ಉಳಿದ ಪಾದ ಮುಂದೆ ಚಾಚಿದರೂ ನೋ ಬಾಲ್ ಅಲ್ಲ. ಟೆನಿಸ್ ಪೂರ್ತಿ ಉಲ್ಟಾ. ಶೂವಿನ ತುದಿ ಗೆರೆಯನ್ನು ಸವರಿದರೂ ಫುಟ್ ಫಾಲ್ಟ್, ಅಂದರೆ ಆ ಸರ್ವ್ ತಪ್ಪು. ಗಾಳಿಯಲ್ಲಿ ಮಾತ್ರ ಸ್ವಾತಂತ್ರ್ಯ. ಚೆಂಡು ಹೊಡೆಯುವ ಕ್ಷಣದಲ್ಲಿ ಇಡೀ ಮೈ ಗೆರೆಯ ಆಚೆ ತೇಲುತ್ತಿದ್ದರೂ ತಪ್ಪಿಲ್ಲ, ಹೊಡೆದ ಮೇಲೆ ಕಾಲು ಒಳಗೆ ಊರಿದರೆ ಆಯಿತು. ಬೇಸ್‌ಲೈನ್ ನಡುವೆ ಪುಟ್ಟ ಗುರುತು ಇದೆಯಲ್ಲ, ಅದು ಹಿಂದಕ್ಕೂ ಚಾಚಿದೆ ಅಂತ ಅಂದುಕೊಂಡು ಆ ಕಾಣದ ಗೆರೆಯನ್ನೂ ಮುಟ್ಟಬಾರದು. ಪಿನ್‌ಪಾಯಿಂಟ್‌ನವರು ನಡುವಿಗೆ ಅಂಟಿಕೊಂಡು ನಿಂತು, ಹಿಂದಿನ ಕಾಲು ಎಳೆಯುವಾಗ ಇದರ ಮೇಲೆ ಕಾಲಿಡುವುದು ಉಂಟು. ಪಾದ ಸ್ವಲ್ಪ ಅಲುಗಾಡಿದರೆ ನಡೆಯುತ್ತದೆ. ನಡೆದುಕೊಂಡೋ ಓಡಿಕೊಂಡೋ ಬಂದು ಸರ್ವ್ ಮಾಡುವ ಹಾಗಿಲ್ಲ.

ಫುಟ್ ಫಾಲ್ಟ್ ಕೂಗಿದರೆ ಎಲ್ಲರಿಗೂ ಸಿಟ್ಟು. "ಇಷ್ಟು ಸಣ್ಣದಕ್ಕೆ?" ಅನ್ನುತ್ತಾರೆ. 2009ರ ಯುಎಸ್ ಓಪನ್ ಸೆಮಿಫೈನಲ್ ನೆನಪಿದೆಯಾ? ಕಿಮ್ ಕ್ಲೈಸ್ಟರ್ಸ್ ವಿರುದ್ಧ ಸೆರೆನಾ ಒಂದು ಸೆಟ್ ಸೋತು, ಎರಡನೇ ಸೆಟ್‌ನಲ್ಲಿ 5-6, 15-30ರಿಂದ ಹಿಂದಿದ್ದಾಗ ಅವರ ಎರಡನೇ ಸರ್ವ್‌ಗೆ ಲೈನ್ ಅಂಪೈರ್ ಫುಟ್ ಫಾಲ್ಟ್ ಕೂಗಿದರು. ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಆಯಿತು, ಕ್ಲೈಸ್ಟರ್ಸ್‌ಗೆ ಮ್ಯಾಚ್ ಪಾಯಿಂಟ್ ಸಿಕ್ಕಿತು, ಅಂದರೆ ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ಅವರದು. ಸೆರೆನಾ ಲೈನ್ ಅಂಪೈರ್ ಮೇಲೆ ಹರಿಹಾಯ್ದರು, ದಂಡವಾಗಿ ಒಂದು ಪಾಯಿಂಟ್ ಹೋಯಿತು, ಪಂದ್ಯವೇ ಮುಗಿಯಿತು. ಅಂಥ ಹೊತ್ತಿನಲ್ಲಿ ಕೂಗಬಾರದಿತ್ತು ಅಂತ ಇವತ್ತಿಗೂ ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಸ್ಕೋರ್ ನೋಡಿಕೊಂಡು ಕೂಗುವುದಾದರೆ ಗೆರೆ ಯಾಕೆ ಬೇಕು?

ಈಗ ಹೆಚ್ಚಿನ ದೊಡ್ಡ ಟೂರ್ನಿಗಳಲ್ಲಿ ನಮ್ಮಂಥವರಿಗೆ ಕೆಲಸವಿಲ್ಲ. 2025ರಲ್ಲಿ ವಿಂಬಲ್ಡನ್ ಕೂಡ ಲೈನ್ ಅಂಪೈರ್‌ಗಳನ್ನು ಬಿಟ್ಟು ಕ್ಯಾಮೆರಾ ಹಾಕಿಕೊಂಡಿತು. ಅದಕ್ಕೆ ನನ್ನ ತಕರಾರಿಲ್ಲ, ಕ್ಯಾಮೆರಾಕ್ಕೆ ನಿದ್ದೆ ಬರುವುದಿಲ್ಲ. ತಕರಾರು ಇರುವುದು ಕೆಳಗಿನ ಹಂತದ ಬಗ್ಗೆ. ಮಕ್ಕಳ ಪಂದ್ಯಗಳಲ್ಲಿ ಕ್ಯಾಮೆರಾವೂ ಇಲ್ಲ, ಬೇಸ್‌ಲೈನ್‌ನಲ್ಲಿ ಮನುಷ್ಯರೂ ಇಲ್ಲ. ಗೆರೆ ತುಳಿಯುತ್ತಲೇ ಬೆಳೆದ ಹುಡುಗನಿಗೆ ಅದು ತಪ್ಪು ಅಂತ ಗೊತ್ತಾಗುವುದು ದೊಡ್ಡ ಪಂದ್ಯದಲ್ಲಿ, ಅದೂ ಬೇಡದ ಹೊತ್ತಿನಲ್ಲಿ.

ಇತ್ತೀಚೆಗೆ ಒಂದು ಕಡೆ ಹತ್ತು ಹನ್ನೆರಡು ವಯಸ್ಸಿನ ಮಕ್ಕಳ ಪ್ರಾಕ್ಟೀಸ್ ನೋಡುತ್ತಾ ಕೂತಿದ್ದೆ. ಒಬ್ಬ ಹುಡುಗ ಟಿವಿ ನೋಡಿ ಕಲಿತ ಪಿನ್‌ಪಾಯಿಂಟ್ ಮಾಡುತ್ತಿದ್ದ. ಹಿಂದಿನ ಕಾಲು ಮುಂದಿನದರ ಪಕ್ಕ ನಿಲ್ಲುವ ಬದಲು ಅದನ್ನು ದಾಟಿ ಮುಂದಕ್ಕೇ ಬರುತ್ತಿತ್ತು. ಹಾಗಾದಾಗ ಸೊಂಟ ಮೊದಲೇ ನೆಟ್ ಕಡೆ ತೆರೆದುಕೊಳ್ಳುತ್ತದೆ, ಕೈ ಹಿಂದೆ ಉಳಿಯುತ್ತದೆ. ಚೆಂಡು ನೆಟ್‌ಗೆ ಬೀಳುತ್ತಿತ್ತು. ಕೋಚ್ ಮಾತ್ರ "ಕೈ ಜೋರಾಗಿ ಬೀಸು, ಕೈ ಜೋರಾಗಿ ಬೀಸು" ಅಂತಲೇ ಕೂಗುತ್ತಿದ್ದರು. ಪಾಪ, ಹುಡುಗ ಬೀಸಿದ್ದೇ ಬೀಸಿದ್ದು. ಸರ್ವ್‌ನ ಶಕ್ತಿಯಲ್ಲಿ ದೊಡ್ಡ ಪಾಲು ಬರುವುದು ಕಾಲು, ಸೊಂಟ, ನಡುವಿನಿಂದ. ಅದು ಬರದಿದ್ದರೆ ಆ ಬಾಕಿಯನ್ನು ಭುಜ ತೀರಿಸಬೇಕು. ಬೆಳೆಯುವ ಮಕ್ಕಳ ಭುಜ ಎಷ್ಟು ದಿನ ತೀರಿಸೀತು?

ಮಕ್ಕಳಿಗೆ ಮೊದಲು ಪ್ಲಾಟ್‌ಫಾರ್ಮ್ ಕಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಪಿನ್‌ಪಾಯಿಂಟ್ ತಾನಾಗಿ ಬಂದರೆ ಆಮೇಲೆ ಬರಲಿ. ಒಪ್ಪದ ಕೋಚ್‌ಗಳು ಇದ್ದಾರೆ, ಅವರು ಬೇಕಾದರೆ ನಿಮಗೇ ಬರೆಯಲಿ, ನಾನೂ ಓದುತ್ತೇನೆ. ಆದರೆ ಒಂದು ವಿಷಯದಲ್ಲಿ ಜಗಳ ಬೇಡ. ಗೆರೆ ತುಳಿಯುವ ಮಗುವಿಗೆ "ಹಿಂದೆ ನಿಲ್ಲು" ಅಂದರೆ ಸಾಲದು. ಬಹಳ ಸಲ ತಪ್ಪು ಇರುವುದು ಟಾಸ್‌ನಲ್ಲಿ. ಚೆಂಡು ತೀರಾ ಮುಂದೆ ಹೋದರೆ ಕಾಲು ಅದರ ಹಿಂದೆ ಹೋಗಿಯೇ ಹೋಗುತ್ತದೆ. ಒಂದು ಹೆಜ್ಜೆ ಹಿಂದೆ ನಿಲ್ಲಿಸಿದರೆ ಅಲ್ಲಿಂದಲೂ ನಡೆದುಕೊಂಡು ಬರುತ್ತಾನೆ.

ಮಗ, ಮಗಳು ಟೆನಿಸ್ ಆಡುವ ನಿಮ್ಮ ಓದುಗರಿಗೆ ಒಂದು ಮಾತು. ಕೋರ್ಟಿನ ಹಿಂದೆ ನಿಂತು ನೋಡಬೇಡಿ, ಅಲ್ಲಿಂದ ಪಾದ ಗೆರೆ ಮುಟ್ಟಿತಾ ಇಲ್ಲವಾ ತಿಳಿಯುವುದಿಲ್ಲ. ಬೇಸ್‌ಲೈನ್‌ಗೆ ನೇರವಾಗಿ, ಪಕ್ಕದಲ್ಲಿ ಕೂತುಕೊಳ್ಳಿ. ಚೆಂಡು ಎಲ್ಲಿ ಬಿತ್ತು ಅಂತ ನೋಡುವ ಆಸೆ ಸ್ವಲ್ಪ ತಡೆದುಕೊಳ್ಳಿ. ಮೊದಲು ಮಂಡಿ ಬಗ್ಗಿತಾ ನೋಡಿ, ಆಮೇಲೆ ಎಡಗಾಲು ಎಲ್ಲಿ ಇಳಿಯಿತು ನೋಡಿ. ಗೆರೆಯ ಒಳಗೆ ನೇರಕ್ಕೆ ಇಳಿದರೆ ಸರಿ. ಪ್ರತಿ ಸಲ ಎಡಕ್ಕೆ ವಾಲಿಕೊಂಡು ಇಳಿದರೆ ಟಾಸ್ ಎಡಕ್ಕೆ ಹೋಗುತ್ತಿದೆ. ಬಲಗಾಲೇ ಮೊದಲು ಊರಿದರೆ ಕೋಚ್ ಹತ್ತಿರ ಕೇಳಿ, ಮೈ ಮೇಲಕ್ಕೆ ಚಿಮ್ಮುತ್ತಿಲ್ಲ, ಸುಮ್ನೆ ಹೆಜ್ಜೆ ಹಾಕುತ್ತಿದೆ ಅಂತ ಅದರ ಅರ್ಥ ಇರಬಹುದು.

ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲೊಬ್ಬಳು, ಮಾಜಿ ಲೈನ್ ಅಂಪೈರ್