ಹೋಲ್ಡಾನ್ ಅಂತ ಯಾರಿಗೆ ಕೂಗೋಣ?

ಮಾನ್ಯ ಸಂಪಾದಕರೇ,

ಹಳದಿ ಮಾರ್ಗದ ಮೆಟ್ರೊ ರೈಲು ಚಾಲಕರಿಲ್ಲದೆಯೂ ಓಡಬಲ್ಲದು ಎಂದು ಗೊತ್ತಾದಾಗಿನಿಂದ ನಮ್ಮ ಪಾರ್ಕಿನಲ್ಲಿ ದಿನಾ ಅದೇ ಮಾತು. 2025ರ ಆಗಸ್ಟ್‌ನಲ್ಲಿ ಅದು ಚಾಲಕರೊಂದಿಗೇ ಶುರುವಾಯಿತು, ನಿಜ. ಆದರೂ ಮುಂದೆ ಬಸ್ಸೂ ಡ್ರೈವರ್ ಇಲ್ಲದೆ ಬರುತ್ತದೆ ಅಂತ ಕೆಲವರಿಗೆ ಖುಷಿ, ಕೆಲವರಿಗೆ ಭಯ. ನಾನು ಬೆಂಗಳೂರಿನಲ್ಲಿ 29 ವರ್ಷ ಸಿಟಿ ಬಸ್ ಓಡಿಸಿದವನು. ತಾನೇ ಓಡುವ ಬಸ್ಸಿನಲ್ಲೂ ಒಮ್ಮೆ ಕೂತು ಬಂದಿದ್ದೇನೆ. ಅದಕ್ಕೇ ಈ ಪತ್ರ.

2023ರಲ್ಲಿ ನಾನೂ ನನ್ನ ಹೆಂಡತಿಯೂ ಮಗನ ಮನೆಗೆಂದು ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಹೋಗಿದ್ದೆವು. ಅಲ್ಲಿ ಆ ಮೇ ತಿಂಗಳಲ್ಲಷ್ಟೇ ಇಂಥ ಬಸ್ ಶುರುವಾಗಿತ್ತು. ಎಡಿನ್‌ಬರೊ ಪಾರ್ಕ್‌ನಿಂದ ಫೋರ್ತ್ ಸೇತುವೆ ದಾಟಿ ಫೆರಿಟೋಲ್‌ವರೆಗೆ, ಸುಮಾರು 22 ಕಿಲೋಮೀಟರ್. ಸೀಟಿನಲ್ಲಿ ಡ್ರೈವರ್ ಇದ್ದರು, ಆದರೆ ಸ್ಟೇರಿಂಗ್ ತಾನಾಗಿಯೇ ತಿರುಗುತ್ತಿತ್ತು. ಸೇತುವೆ ಮುಗಿಯುವವರೆಗೂ ನನ್ನ ಬಲಗಾಲು ಬ್ರೇಕ್ ಹುಡುಕುತ್ತಾ ನೆಲ ಒತ್ತುತ್ತಲೇ ಇತ್ತು. ಒಪ್ಪಿಕೊಳ್ಳಬೇಕು, ಹೊಟ್ಟೆಯ ನೀರು ಅಲ್ಲಾಡದ ಹಾಗೆ ಓಡಿತು ಬಸ್ಸು. ಒಳಗೆ ಇನ್ನೊಬ್ಬರಿದ್ದರು. ಅವರಿಗೆ ಕ್ಯಾಪ್ಟನ್ ಅಂತಾರೆ. ಸೀಟಿಂದ ಸೀಟಿಗೆ ಬಂದು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಅವರು ಬಂದು ನಕ್ಕು ಮಾತಾಡಿದ ಮೇಲೇ ನನ್ನ ಹೆಂಡತಿ ಮುಂದಿನ ಕಂಬಿ ಬಿಟ್ಟಿದ್ದು. ಜನ ಸಾಕಷ್ಟು ಹತ್ತಲಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ಆ ಬಸ್ ನಿಂತಿತು.

ನಾನು ಯಂತ್ರದ ವಿರೋಧಿಯಲ್ಲ. ಡಬಲ್ ಡ್ಯೂಟಿಯಲ್ಲಿ ಕಣ್ಣು ಹೇಗೆ ಎಳೆಯುತ್ತದೆ ಅಂತ ನನಗೆ ಗೊತ್ತು. ಯಂತ್ರಕ್ಕೆ ನಿದ್ದೆ ಬರುವುದಿಲ್ಲ. ಆದರೆ ಅವತ್ತು ಮನೆಗೆ ಬರುವಾಗ ಹೆಂಡತಿ ಕೇಳಿದಳು, "ಒಳಗೆ ಯಾರೂ ಇಲ್ದಿದ್ರೆ ಹೋಲ್ಡಾನ್ ಅಂತ ಯಾರಿಗ್ರೀ ಕೂಗೋದು?"

ಚಾಮರಾಜಪೇಟೆಯ ಉಮಾ ಟಾಕೀಸ್ ಸ್ಟಾಪು ನೆನಪಾಯಿತು. ಸಂಜೆ ಹೊತ್ತು, ಬಸ್ ತುಂಬಾ ಜನ. ರೈಟ್ ಅಂತ ವಿಷಲ್ ಬಿತ್ತು, ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಹತ್ತಾರು ಜನ "ಹೋಲ್ಡಾನ್, ಹೋಲ್ಡಾನ್" ಅಂತ ಕಿರುಚಿದರು. ಏನು ಅಂತ ನೋಡುವ ಮೊದಲೇ ಬ್ರೇಕ್ ಹಾಕಿದ್ದೆ. ನಾಲ್ಕೈದು ವರ್ಷದ ಹುಡುಗಿ ಹತ್ತಿಬಿಟ್ಟಿದ್ದಾಳೆ, ತಾಯಿ ಚೀಲ ಹಿಡಿದು ಕೆಳಗೇ ಉಳಿದಿದ್ದಾಳೆ. ಬಾಗಿಲಿಗೆ ಏನೂ ಸಿಕ್ಕಿಕೊಂಡಿರಲಿಲ್ಲ. ಬಸ್ಸಿನ ಮುಂದೆ ಯಾರೂ ಅಡ್ಡ ಬಂದಿರಲಿಲ್ಲ. ಯಂತ್ರದ ಕಣ್ಣಿಗೆ ಎಲ್ಲವೂ ಸರಿಯಾಗೇ ಇತ್ತು, ಅಲ್ವಾ?

ಇಂಥ ಬಸ್ ನಮ್ಮಲ್ಲಿ ಬರುವುದಾದರೆ ಬರಲಿ. ಸಂಬಳ ಉಳಿಯುತ್ತದೆ ಅಂತ ಬಸ್ಸಿನಿಂದ ಮನುಷ್ಯರನ್ನೇ ಇಳಿಸಬೇಡಿ. ಕಂಡಕ್ಟರ್ ಅನ್ನಿ, ಕ್ಯಾಪ್ಟನ್ ಅನ್ನಿ, ಒಬ್ಬರು ಒಳಗೆ ಇರಲೇಬೇಕು. ಜನರ ಅಭಿಪ್ರಾಯ ಕೇಳುವವರು ಮೊಬೈಲಿನಲ್ಲಿ ಬೇಕು-ಬೇಡ ಅಂತ ಒತ್ತಿಸಿಕೊಂಡು ಸುಮ್ಮನಾಗಬಾರದು. ಬೆಳಗಿನ ಮೊದಲ ಬಸ್ಸಿಗೆ ಹೂವಿನ ಬುಟ್ಟಿ ಹೊತ್ತು ಮಾರ್ಕೆಟ್ಟಿನಲ್ಲಿ ಹತ್ತುವವರನ್ನು ಕೇಳಿ. ರಾತ್ರಿ ಕಡೇ ಟ್ರಿಪ್ಪಿನಲ್ಲಿ ಒಬ್ಬಳೇ ಉಳಿಯುವ ಗಾರ್ಮೆಂಟ್ಸ್ ಹುಡುಗಿಯನ್ನು ಕೇಳಿ.

– ನಿವೃತ್ತ ಸಿಟಿ ಬಸ್ ಚಾಲಕ, ಕತ್ರಿಗುಪ್ಪೆ, ಬೆಂಗಳೂರು