ಶಾಲೆಗೆ ಹೋಗದೆ ಹೈಸ್ಕೂಲು ಮುಗಿಸುತ್ತೇನೆ ಅನ್ನುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಉದ್ದದ ಮೆಸೇಜು ಓದಿದೆ. ಶಾಲೆ ಸಾಕಾಗಿದೆ, ಮನೆಯಲ್ಲೇ ಕೂತು ಆನ್‌ಲೈನಲ್ಲಿ ಹೈಸ್ಕೂಲು ಮುಗಿಸುತ್ತೇನೆ, ಅಪ್ಪ ಅಮ್ಮನಿಗೆ ನೀನೇ ಹೇಳಿ ಒಪ್ಪಿಸು ಚಿಕ್ಕಮ್ಮ ಅಂತ ಬರೆದಿದ್ದೀಯ. ಒಪ್ಪಿಸೋಣ, ಅದೇನೂ ದೊಡ್ಡ ವಿಷಯವಲ್ಲ. ಅದಕ್ಕೂ ಮುಂಚೆ ನಿನ್ನ ಹತ್ತಿರ ಒಂದಷ್ಟು ಮಾತಾಡಬೇಕು. ಬೈಯಲ್ಲ, ಹೆದರಬೇಡ. "ಎಲ್ಲರೂ ಹೋಗ್ತಾರೆ, ನಿನಗೇನು ಕಷ್ಟ" ಅನ್ನುವವರ ಪೈಕಿ ನಾನಲ್ಲ.

ಶಾಲೆಯ ಕಟ್ಟಡದ ಹೊರಗೆ ಓದುವುದು ಈಗಿನ ಮಕ್ಕಳ ಹೊಸ ಹುಚ್ಚು ಅಂತ ನಿನ್ನಪ್ಪ ಹೇಳಬಹುದು. ಅಲ್ಲ. ನ್ಯೂಜಿಲೆಂಡಿನಲ್ಲಿ 1922ರಲ್ಲೇ ಅಂಚೆಯಲ್ಲಿ ಪಾಠ ಕಳಿಸುವ ಸರ್ಕಾರಿ ಶಾಲೆ ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ, ಈಗ ಆನ್‌ಲೈನಲ್ಲಿ. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲಿ ರೇಡಿಯೋ ಶಾಲೆಯೇ ಬಂತು. ಎಲ್ಲೋ ದೂರದ ದನದ ಫಾರಂಗಳಲ್ಲಿದ್ದ ಮಕ್ಕಳು ರೇಡಿಯೋ ಸೆಟ್ಟಿನ ಮುಂದೆ ಕೂತು ಪಾಠ ಕೇಳುತ್ತಿದ್ದರು. ಮೊದಮೊದಲು ಟೀಚರ್ ಮಾತ್ರ ಮಾತಾಡುತ್ತಿದ್ದರು, ಮಕ್ಕಳು ಕೇಳುತ್ತಿದ್ದರು, ಅಷ್ಟೇ. ಸ್ವಲ್ಪ ದಿನಕ್ಕೇ ಪಾಠದ ಕೊನೆಯಲ್ಲಿ ಪ್ರಶ್ನೆ-ಉತ್ತರದ ಹೊತ್ತು ಸೇರಿಸಿದರು. ಅಂದರೆ ಆ ಕಡೆಯಿಂದ ಮಗು ಬಾಯಿ ಬಿಡಬೇಕು, ಟೀಚರ್ ಕೇಳಿಸಿಕೊಳ್ಳಬೇಕು. ಈ ಒಂದು ವಿಷಯಕ್ಕೇ ನಾನು ಇವತ್ತು ನಿನ್ನ ತಲೆ ತಿನ್ನುತ್ತಿರುವುದು: ಆ ಕಡೆ ಯಾರಿದ್ದಾರೆ? ನೀನು ಒಂದು ವಾರ ಏನೂ ಮಾಡದೆ ಕೂತರೆ ಅದು ಯಾರಿಗೆ ಗೊತ್ತಾಗುತ್ತದೆ?

ವಿಡಿಯೋ, ನೋಟ್ಸು, ಇವಕ್ಕೆ ಈಗ ಬರ ಇಲ್ಲ. ಖಾನ್ ಅಕಾಡೆಮಿ ಅನ್ನುವ ಆನ್‌ಲೈನ್ ತಾಣದಲ್ಲಿ ಪಾಠಗಳೆಲ್ಲ ಪುಕ್ಕಟೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತಮ್ಮ ಕೋರ್ಸ್‌ಗಳ ಸಾಮಗ್ರಿಯನ್ನೆಲ್ಲ ಇಂಟರ್ನೆಟ್ಟಿಗೆ ಹಾಕುತ್ತೇವೆ ಅಂತ 2001ರಲ್ಲೇ ಹೇಳಿ, ಹಾಕಿಯೂ ಬಿಟ್ಟರು. ಪಾಠ ಸಿಗದೆ ಇವತ್ತು ಯಾರೂ ದಡ್ಡರಾಗಿ ಉಳಿದಿಲ್ಲ. ಆದರೂ ಇಂಥ ಉಚಿತ ಆನ್‌ಲೈನ್ ಕೋರ್ಸ್‌ಗಳಿಗೆ ಹೆಸರು ಕೊಟ್ಟವರಲ್ಲಿ ಬಹುಪಾಲು ಜನ ಕೊನೆ ಮುಟ್ಟುವುದಿಲ್ಲ. ಅವರೆಲ್ಲ ಸೋಮಾರಿಗಳಾ? ಇಲ್ಲ. ಮೊದಲ ವಾರ ಹೊಸ ನೋಟ್‌ಬುಕ್ಕು, ಮೂರು ಬಣ್ಣದ ಪೆನ್ನು, ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ಲು. ಎರಡನೇ ವಾರ ಒಂದು ದಿನ ಜ್ವರ, ಇನ್ನೊಂದು ದಿನ ನೆಂಟರು. ಮೂರನೇ ವಾರ ನೋಡಿದರೆ ಹನ್ನೊಂದು ವಿಡಿಯೋ ಬಾಕಿ. ಒಂದೂವರೆ ಸ್ಪೀಡಲ್ಲಿ ನೋಡಿ ಮುಗಿಸಿದರಾಯ್ತು ಅನಿಸುತ್ತದೆ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಪೆನ್ನು ಹಿಡಿದು ಲೆಕ್ಕ ಬಿಡಿಸಲು ಕೂತಾಗ ಎರಡನೇ ಸಾಲಿಗೇ ನಿಂತುಹೋಗುತ್ತದೆ. ಆಗ ಕೇಳಲು ಯಾರೂ ಇರುವುದಿಲ್ಲ, ಅಷ್ಟೇ ಅಲ್ಲ, ನೀನು ನಿಂತಿದ್ದು ಕೂಡ ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಗಣಿತದ ಮೇಡಂ ನಿನಗೆ ಇಷ್ಟವಿಲ್ಲದಿರಬಹುದು, ಆದರೆ ಹೋಮ್‌ವರ್ಕ್ ಕೊಡದಿದ್ದರೆ ಅವರಿಗೆ ಗೊತ್ತಾಗುತ್ತದಲ್ಲ!

ಅದಕ್ಕೇ, ಯಾವುದಾದರೂ ಆನ್‌ಲೈನ್ ಶಾಲೆ ನೋಡಿದರೆ ಆ್ಯಪ್ ಎಷ್ಟು ಚೆನ್ನಾಗಿದೆ ಅಂತ ನೋಡಬೇಡ. ನಾನು ಬರೆದು ಕಳಿಸಿದ ಪ್ರಬಂಧ, ಲೆಕ್ಕ, ಎಷ್ಟು ದಿನಕ್ಕೆ ತಿದ್ದಿ ವಾಪಸ್ ಬರುತ್ತದೆ, ತಿದ್ದುವವರು ಮನುಷ್ಯರಾ, ಅವರ ಜೊತೆ ಮಾತಾಡಬಹುದಾ ಅಂತ ಕೇಳು. ತಿದ್ದಿದ ಒಂದು ಸ್ಯಾಂಪಲ್ ಪೇಪರ್ ತೋರಿಸಿ ಅನ್ನು. ತಡವರಿಸಿದರೆ ಬಿಟ್ಟುಬಿಡು.

ಇನ್ನು ಸರ್ಟಿಫಿಕೇಟಿನ ಮಾತು. ಕಲಿಯುವುದು ಬೇರೆ, ಕಲಿತಿದ್ದೀಯ ಅಂತ ಒಪ್ಪುವವರು ಬೇರೆ. ಖಾನ್ ಅಕಾಡೆಮಿಯಲ್ಲಿ ಪೂರ್ತಿ ಬೀಜಗಣಿತ ಮುಗಿಸಿದರೂ ಹೈಸ್ಕೂಲು ಪಾಸಾದ ಹಾಗಲ್ಲ. ಪರೀಕ್ಷೆ ಎಲ್ಲಿಂದ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ದಾರಿಗಳು ಇವೆ. ಭಾರತದಲ್ಲಿ ಸರ್ಕಾರದ್ದೇ ಮುಕ್ತ ಶಾಲೆ ಇದೆ, ಎನ್‌ಐಒಎಸ್ ಅಂತ, 1989ರಲ್ಲಿ ಶುರುವಾಗಿದ್ದು. ಅಲ್ಲಿ ಎಲ್ಲ ವಿಷಯ ಒಂದೇ ಸಲ ಬರೆಯಬೇಕಿಲ್ಲ, ಪಾಸಾದ ವಿಷಯಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಾ ಹೋಗಬಹುದು, ಅದಕ್ಕೆ ಐದು ವರ್ಷದವರೆಗೆ ಸಮಯ ಕೊಡುತ್ತಾರೆ. ಅಮೆರಿಕದಲ್ಲಿ ಜಿಇಡಿ ಅನ್ನುವ, ಹೈಸ್ಕೂಲಿಗೆ ಸಮಾನವಾದ ನಾಲ್ಕು ವಿಷಯದ ಪರೀಕ್ಷೆ ಇದೆ. ಎರಡನೇ ಮಹಾಯುದ್ಧದಿಂದ ಮರಳುವ, ಓದು ಅರ್ಧಕ್ಕೆ ಬಿಟ್ಟ ಸೈನಿಕರಿಗೆ ಅಂತ 1942ರಲ್ಲಿ ಶುರುಮಾಡಿದ್ದು. ಕೇಂಬ್ರಿಡ್ಜಿನವರ ಐಜಿಸಿಎಸ್‌ಇ ಅನ್ನುವ ಹತ್ತನೇ ತರಗತಿ ಮಟ್ಟದ ಪರೀಕ್ಷೆಯನ್ನು, ಶಾಲೆಗೆ ಸೇರದೆ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಆದರೆ ನಿನ್ನನ್ನು ಸೇರಿಸಿಕೊಳ್ಳುವ ಪರೀಕ್ಷಾ ಕೇಂದ್ರವನ್ನು ನೀನೇ ಹುಡುಕಬೇಕು, ಅದೂ ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ.

ನೀನು ವಿಜ್ಞಾನದವಳು ಅಂತ ಪ್ರಯೋಗಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೋಲಕದ ಪ್ರಯೋಗ ಮನೆಯಲ್ಲಿ ಮಾಡಬಹುದು. ಒಂದು ದಾರ, ಒಂದು ಭಾರ, ಫೋನಿನ ಸ್ಟಾಪ್‌ವಾಚು ಇದ್ದರೆ ಸಾಕು. ಇಪ್ಪತ್ತು ಸಲ ತೂಗಿದ ಸಮಯ ಹಿಡಿದು ಇಪ್ಪತ್ತರಿಂದ ಭಾಗಿಸಿದರೆ ಕೈ ತಡವಾದ ತಪ್ಪು ಕೂಡ ಹಂಚಿಹೋಗುತ್ತದೆ. ರಸಾಯನ ಹಾಗಲ್ಲ. ಬ್ಯುರೆಟ್ ಅನ್ನುವ ಅಳತೆಯ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ, ಬಣ್ಣ ತಿರುಗುವ ಆ ಒಂದು ಹನಿಗೆ ಕೈ ನಿಲ್ಲಿಸುವುದನ್ನು ಅಡುಗೆಮನೆಯಲ್ಲಿ ಕಲಿಯಲು ಆಗುವುದಿಲ್ಲ. ಕೇಂಬ್ರಿಡ್ಜಿನವರು ಐಜಿಸಿಎಸ್‌ಇ ವಿಜ್ಞಾನದಲ್ಲಿ ಪ್ರಾಕ್ಟಿಕಲ್ ಬದಲು ಬರೆಯುವ ಪೇಪರ್ ಕೂಡ ಇಟ್ಟಿದ್ದಾರೆ. ಲ್ಯಾಬಿಗೆ ಕಾಲಿಡದೆ ಅಂಕ ಬರುತ್ತದೆ, ಸರಿ. ಮುಂದೆ ಕಾಲೇಜಿನ ಲ್ಯಾಬಿನಲ್ಲಿ ನಿಂತಾಗ ಕೈ ನಡುಗುವುದು ನಿನ್ನದೇ ತಾನೇ? ನಿನ್ನ ಶಾಲೆಯ ಲ್ಯಾಬನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾನೂನನ್ನೂ ನೋಡಬೇಕು. ಜರ್ಮನಿಯಂಥ ಕಡೆ ಮಕ್ಕಳು ಶಾಲೆಗೆ ಹೋಗಲೇಬೇಕು, ಮನೆಯಲ್ಲಿ ಓದಿಸುತ್ತೇವೆ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇರೆ ಕಡೆ ಅರ್ಜಿ ಕೊಟ್ಟರೆ ಸಾಕು. ನಿಯಮ ಒಂದೊಂದು ಕಡೆ ಒಂದೊಂದು ಥರ. ಮತ್ತೆ, ಆನ್‌ಲೈನ್ ಶಾಲೆಯವರ ಬ್ರೋಷರಿನಲ್ಲಿ "ಎಲ್ಲೆಡೆ ಮಾನ್ಯ" ಅಂತ ಇದ್ದರೆ ಅದನ್ನು ನಂಬಿ ಕೂರಬೇಡ. ಮುಂದೆ ನೀನು ಸೇರಬೇಕು ಅಂದುಕೊಂಡಿರುವ ಕಾಲೇಜಿನ ಪ್ರವೇಶ ನಿಯಮಗಳನ್ನು ತೆಗೆದು, ಆ ಬೋರ್ಡಿನ ಹೆಸರು ಅಲ್ಲಿ ಇದೆಯಾ ಅಂತ ನೀನೇ ಹುಡುಕು. ಕಾಣದಿದ್ದರೆ ಅವರಿಗೆ ಇಮೇಲ್ ಬರೆದು ಉತ್ತರವನ್ನು ಜೋಪಾನವಾಗಿ ಇಟ್ಟುಕೊ. ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ನಿನ್ನ ಮೆಸೇಜಿನಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ. ಶಾಲೆ ಪೂರ್ತಿ ಬೇಕು, ಇಲ್ಲಾಂದ್ರೆ ಪೂರ್ತಿ ಬೇಡ ಅನ್ನುವ ಹಾಗೆ ಬರೆದಿದ್ದೀಯ. ಮಧ್ಯದಲ್ಲೇ ಎಷ್ಟೊಂದು ಒಳ್ಳೆಯ ದಾರಿಗಳಿವೆ ಗೊತ್ತಾ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್ ಅನ್ನುವ ಯೋಜನೆಯಿದೆ. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿಗೆ ಹೋಗಿ ಪಾಠ ಕೇಳುತ್ತಾರೆ, ಆ ಅಂಕ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಒಂದು ಎಚ್ಚರ ಮಾತ್ರ: ಅಲ್ಲಿ ಫೇಲಾದರೆ ಅದೂ ಕಾಲೇಜಿನ ದಾಖಲೆಯಲ್ಲಿ ಉಳಿಯುತ್ತದೆ. ಅಮೆರಿಕದ್ದೇ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ 1996ರಲ್ಲಿ ಶುರುವಾದ ಮೆಟ್ ಅನ್ನುವ ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳು ವಾರಕ್ಕೆ ಎರಡು ದಿನ ಶಾಲೆಗೆ ಬರುವುದೇ ಇಲ್ಲ. ತಮಗಿಷ್ಟವಾದ ಕೆಲಸ ನಡೆಯುವ ಕಡೆ ಹೋಗಿ, ಅಲ್ಲಿನ ಒಬ್ಬರ ಕೈಕೆಳಗೆ ಕಲಿಯುತ್ತಾರೆ. ಶಾಲೆಯಲ್ಲಿ ಒಬ್ಬ ಸಲಹೆಗಾರರು ಪ್ರತಿಯೊಬ್ಬರ ಕೆಲಸವನ್ನೂ ಬಲ್ಲವರಾಗಿರುತ್ತಾರೆ. 1969ರಲ್ಲಿ ಫಿಲಡೆಲ್ಫಿಯಾದವರು ಇನ್ನೂ ಮುಂದೆ ಹೋಗಿ, ಕಟ್ಟಡವೇ ಇಲ್ಲದ ಹೈಸ್ಕೂಲು ಮಾಡಿದ್ದರು. ಪಾರ್ಕ್‌ವೇ ಅಂತ ಹೆಸರು. ಮ್ಯೂಸಿಯಂ, ಕಚೇರಿ, ಇಡೀ ಊರೇ ತರಗತಿ. ಸ್ವಿಟ್ಜರ್ಲೆಂಡಿನಲ್ಲಂತೂ ಕಡ್ಡಾಯ ಶಾಲೆ ಮುಗಿದ ಮೇಲೆ ಹೆಚ್ಚಿನ ಹುಡುಗ ಹುಡುಗಿಯರು ವಾರದ ಬಹುಪಾಲು ಕಂಪನಿಯಲ್ಲಿ ಕೆಲಸ ಕಲಿತು, ಒಂದೆರಡು ದಿನ ಮಾತ್ರ ತರಗತಿಗೆ ಹೋಗುತ್ತಾರೆ. ಅದನ್ನು ಅಲ್ಲಿ ಯಾರೂ ಕಡಿಮೆ ಅಂತ ನೋಡುವುದಿಲ್ಲ.

ಇವೆಲ್ಲ ನಿನಗೆ ಹತ್ತಿರದಲ್ಲಿ ಸಿಗದೇ ಇರಬಹುದು. ಆದರೆ ಇದರ ಸಣ್ಣ ರೂಪವನ್ನು ಕೇಳಿ ಪಡೆಯಬಹುದು. ಒಂದು ವಿಷಯವನ್ನು ಮಾತ್ರ ಹೊರಗೆ ಓದುತ್ತೇನೆ, ಪರೀಕ್ಷೆ ಇಲ್ಲೇ ಬರೆಯುತ್ತೇನೆ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿದ್ದೀಯಾ? ಕೇಳದೇ ಇಲ್ಲ ಅಂತಾರೆ ಅಂದುಕೊಳ್ಳುವುದು ನಮ್ಮ ವಂಶದ ಚಾಳಿ, ಬಿಡು ಅದನ್ನು.

ಇನ್ನೊಂದು ಮಾತು, ಇದು ನಮ್ಮಿಬ್ಬರ ಮಧ್ಯೆ ಇರಲಿ. ಪಾಠ ಬೋರಾಗುತ್ತದೆ ಅಂತ ಬಿಡುತ್ತಿದ್ದೀಯಾ, ಅಥವಾ ಅಲ್ಲಿ ಯಾರಾದರೂ ಕಾಟ ಕೊಡುತ್ತಿದ್ದಾರಾ? ಎರಡನೆಯದಾದರೆ ಈ ಪತ್ರವನ್ನೆಲ್ಲ ಪಕ್ಕಕ್ಕಿಟ್ಟು ಇವತ್ತೇ ಫೋನ್ ಮಾಡು. ಅದಕ್ಕೆ ಬೇರೆ ಪರಿಹಾರ ಇದೆ, ಅದನ್ನು ನೀನೊಬ್ಬಳೇ ಹೊರಬೇಕಿಲ್ಲ.

ಬೋರು ಅಷ್ಟೇ ಆದರೆ ಹೀಗೆ ಮಾಡು. ಈ ರಜೆಯಲ್ಲಿ ಒಂದೇ ವಿಷಯ ತಗೋ, ನಿನಗೆ ಕಷ್ಟವಾಗುವುದನ್ನೇ ತಗೋ. ಇಷ್ಟದ ವಿಷಯವನ್ನು ಯಾರು ಬೇಕಾದರೂ ಒಬ್ಬರೇ ಓದುತ್ತಾರೆ. ಆನ್‌ಲೈನಲ್ಲಿ ಓದು, ಪ್ರತಿ ಭಾನುವಾರ ಬಿಡಿಸಿದ ಲೆಕ್ಕದ ಫೋಟೋ ನನಗೆ ಕಳಿಸು. ತಪ್ಪಾಗಿದ್ದರೂ ಹೊಡೆದು ಹಾಕದೆ ಹಾಗೇ ಕಳಿಸು. ನಾನಾಗಿ ಜ್ಞಾಪಿಸುವುದಿಲ್ಲ, ನೋಡೋಣ. ರಜೆ ಮುಗಿಯುವವರೆಗೂ ಫೋಟೋ ಬರುತ್ತಿದ್ದರೆ ನಿನ್ನಪ್ಪನಿಗೆ ನಾನೇ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ನೀನು ನೋಡಿಟ್ಟಿರುವ ಆ ಆನ್‌ಲೈನ್ ಶಾಲೆ ಯಾವ ಬೋರ್ಡಿನದು, ಸೇರಲು ಕೊನೆಯ ದಿನ ಯಾವಾಗ, ಮಧ್ಯದಲ್ಲಿ ಬಿಟ್ಟರೆ ಫೀಸು ವಾಪಸ್ ಬರುತ್ತದಾ ಅಂತ ವಿಚಾರಿಸಿ ಬರೆ. ನಿನ್ನಪ್ಪ ಮೊದಲು ಕೇಳುವುದೇ ಆ ಮೂರನೆಯದನ್ನು.

ನಿನ್ನ
ಚಿಕ್ಕಮ್ಮ