ಮಕ್ಕಳ ಮನಶ್ಶಾಸ್ತ್ರ ಕಲಿಸಲು ಯಾರನ್ನು ಕರೆಯುತ್ತೀರಿ? ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾಲೇಜುಗಳಲ್ಲಿ ಮಕ್ಕಳ ಮನಶ್ಶಾಸ್ತ್ರ ಕಲಿಸಲು ಅರೆಕಾಲಿಕ ಬೋಧಕರನ್ನು ನೇಮಿಸುವ ಬಗೆಯ ಕುರಿತು ಈ ಪತ್ರ.

ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಈಗ ಶಾಲೆಯೊಂದರಲ್ಲಿ ಮಕ್ಕಳ ಆಪ್ತಸಮಾಲೋಚಕಿ. ನಾವು ಓದುವಾಗ ಮಕ್ಕಳ ಮನಶ್ಶಾಸ್ತ್ರಕ್ಕೆ ಅರೆಕಾಲಿಕ ಬೋಧಕರು ಬಂದಿದ್ದು ಸೆಮಿಸ್ಟರ್ ಶುರುವಾಗಿ ಆರು ವಾರ ಕಳೆದ ಮೇಲೆ. ತುಂಬ ಒಳ್ಳೆಯವರು. ಆದರೆ ಅವರು ಓದಿದ್ದು ಉದ್ಯೋಗಿಗಳ ಮನಶ್ಶಾಸ್ತ್ರ. ನೋಟ್ಸ್ ಬರೆಸಿದರು, ನಾವು ಬರೆದುಕೊಂಡೆವು, ಪಾಸಾದೆವು. ತಪ್ಪು ಅವರದಲ್ಲ. ವೇಳಾಪಟ್ಟಿಯಲ್ಲಿ ಖಾಲಿ ಇದ್ದ ಗಂಟೆಗಳನ್ನು ತುಂಬಲು ಅವರನ್ನು ಕರೆದಿದ್ದರು, ಅಷ್ಟೇ.

ಆ ನೋಟ್ಸ್‌ನಲ್ಲಿ ಏನು ತಪ್ಪಿಹೋಗಿತ್ತು ಅಂತ ಒಂದು ಉದಾಹರಣೆ ಹೇಳುತ್ತೇನೆ. ತಾಯಿ-ಮಗುವಿನ ಬಾಂಧವ್ಯ ಹೇಗಿದೆ ಅಂತ ನೋಡುವ, ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅವರ ಪ್ರಯೋಗದಲ್ಲಿ ಸುಮಾರು ಒಂದು ವರ್ಷದ ಕೂಸನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ತಾಯಿ ಹೋದಾಗ ಅಳುವ ಮಗುವಿಗೆ ಅಂಟು ಜಾಸ್ತಿ ಅಂತ ನಾವು ಬರೆದುಕೊಂಡಿದ್ದೆವು. ನಿಜವಾಗಿ ನೋಡಬೇಕಾದದ್ದು ತಾಯಿ ವಾಪಸು ಬಂದ ಕ್ಷಣವನ್ನು. ಮಗು ಅವಳ ಹತ್ತಿರ ಹೋಗುತ್ತದೆಯೇ, ಸಮಾಧಾನವಾಗುತ್ತದೆಯೇ, ಮುಖ ತಿರುಗಿಸುತ್ತದೆಯೇ? ಅಳದ ಮಗು ಆರಾಮಾಗಿದೆ ಅಂತಲೂ ಅಲ್ಲ. ಇದನ್ನು ಬರೆಸಿ ಕಲಿಸಲು ಆಗುವುದಿಲ್ಲ. ಪಕ್ಕದಲ್ಲಿ ಕೂತು "ಈಗ ನೋಡು" ಅಂತ ತೋರಿಸುವವರು ಬೇಕು.

ಈ ವಿಷಯ ನಿಂತ ನೀರೂ ಅಲ್ಲ. ಬಟ್ಟೆಯಡಿ ಮುಚ್ಚಿಟ್ಟ ಆಟಿಕೆಯನ್ನು ಕೂಸು ಸುಮಾರು 8 ತಿಂಗಳವರೆಗೆ ಹುಡುಕುವುದಿಲ್ಲ, ಹಾಗಾಗಿ ಕಣ್ಣಿಗೆ ಕಾಣದ್ದು ಅದರ ಪಾಲಿಗೆ ಇಲ್ಲವೇ ಇಲ್ಲ ಎಂದು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಿಳಿದಿದ್ದರು. 1985ರಲ್ಲಿ ಸಂಶೋಧಕಿ ರೆನೆ ಬೈಯಾರ್ಜಾನ್ ಮತ್ತು ಜೊತೆಗಾರರು ಕೂಸಿನ ಕೈ ಹುಡುಕುತ್ತದೆಯೇ ಅಂತ ನೋಡುವ ಬದಲು ಅದರ ಕಣ್ಣನ್ನು ಗಮನಿಸಿದರು. ಮರೆಯಲ್ಲಿ ವಸ್ತು ಇರುವಾಗ ಸಾಧ್ಯವೇ ಇಲ್ಲದಂಥ ಘಟನೆಯನ್ನು 5 ತಿಂಗಳ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು, ಅಂದರೆ ಕಾಣದ ವಸ್ತು ಅಲ್ಲೇ ಇದೆ ಎಂದು ಅವಕ್ಕೆ ಗೊತ್ತಿರಬಹುದು. ಇದರ ಅರ್ಥದ ಬಗ್ಗೆ ಇಂದಿಗೂ ವಾದವಿದೆ. ಆ ವಾದವನ್ನು ತರಗತಿಗೆ ತರುವವರು ಬೇಕು, ಅಲ್ವಾ?

ಅರೆಕಾಲಿಕ ಬೋಧಕರು ಬೇಡ ಅಂತ ನಾನು ಹೇಳುತ್ತಿಲ್ಲ. ದಿನವೂ ಮಕ್ಕಳ ನಡುವೆ ಕೆಲಸ ಮಾಡುವವರು ವಾರಕ್ಕೆ ಎರಡು ದಿನ ಬಂದು ಕಲಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸಂದರ್ಶನದಲ್ಲಿ ಪದವಿ, ಅಂಕ, ಪ್ರಬಂಧಗಳ ಎಣಿಕೆ ಮಾತ್ರ ನೋಡಬೇಡಿ. ಮಗುವೊಂದು ಆಡುವ ಐದು ನಿಮಿಷದ ವಿಡಿಯೋ ಹಾಕಿ, ವಿದ್ಯಾರ್ಥಿಗಳಿಗೆ ಇದರಿಂದ ಏನು ಕಲಿಸುತ್ತೀರಿ ಅಂತ ಕೇಳಿ. ಗೊತ್ತಾಗಿಬಿಡುತ್ತದೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಓದುವಾಗ ಪ್ರಾಕ್ಟಿಕಲ್‌ಗೆ ಶಾಲೆಯೊಂದಕ್ಕೆ ಹೋಗಿದ್ದಾಗ ಎಂಟು ವರ್ಷದ ಹುಡುಗಿಯೊಬ್ಬಳು ಚಿತ್ರ ಬಿಡಿಸುತ್ತಾ, ರಾತ್ರಿ ಮನೆಗೆ ಹೋಗಲು ಭಯ ಅಂದಳು. ನಾನು ಏನು ಮಾಡಬೇಕಿತ್ತು? ಮುಂದೆ ಕೇಳಬೇಕಿತ್ತೇ, ಸುಮ್ನೆ ಇರಬೇಕಿತ್ತೇ, ಯಾರಿಗೆ ಹೇಳಬೇಕಿತ್ತು? ಬೋಧಕರಿಗೆ ಫೋನ್ ಮಾಡಿದೆ. ಅವರು ಆ ಹೊತ್ತಿಗೆ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅವರಿಗೆ ಸಂಬಳ ಬರುತ್ತಿದ್ದುದು ತರಗತಿಯ ಗಂಟೆಗಳಿಗೆ ಮಾತ್ರ. ನಮ್ಮ ಜೊತೆ ಬರಲು, ನಮ್ಮ ವರದಿ ಓದಿ ಮಾತಾಡಲು, ಇಂಥ ಫೋನ್ ಎತ್ತಲು ಒಂದು ಗಂಟೆಯೂ ಲೆಕ್ಕದಲ್ಲಿ ಇರಲಿಲ್ಲ. ಕೊನೆಗೆ ಶಾಲೆಯ ಟೀಚರ್ ಒಬ್ಬರಿಗೆ ಹೇಳಿದೆ, ಅವರು ಮುಂದುವರಿಸಿದರು. ಆ ಇಡೀ ಮಧ್ಯಾಹ್ನ ನನ್ನ ಕೈ ನಡುಗುತ್ತಿತ್ತು.

ಮೇಲ್ವಿಚಾರಣೆಯ ಗಂಟೆಗಳಿಗೂ ಪಾಠದ ಗಂಟೆಗಳಷ್ಟೇ ಸಂಬಳ ಕೊಡುವ ಆದೇಶ ಹೊರಡಿಸಿ. ನೇಮಕಾತಿ ಸೆಮಿಸ್ಟರ್‌ಗೆ ಒಂದು ತಿಂಗಳ ಮೊದಲೇ ಮುಗಿಯಲಿ. ಮಕ್ಕಳ ಬಳಿ ವಿದ್ಯಾರ್ಥಿಗಳನ್ನು ಕಳಿಸುವ ದಿನ ಬೋಧಕರು ಫೋನಿಗೆ ಸಿಗುವಂತಿರಲಿ. ಮುಂದಿನ ಅರ್ಜಿ ಕರೆಯುವ ಪ್ರಕಟಣೆಯಲ್ಲೇ ಇದು ಸೇರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಶಾಲಾ ಆಪ್ತಸಮಾಲೋಚಕಿ